ಟ್ಯಾಬ್ ಕೊಡುವುದಾದರೆ ಯಾರ ಕೈಗೆ?

ಪ್ರಶ್ನೆ: ನಮ್ಮ ಸಂಸ್ಥೆ ಬಡ ದೇಶವೊಂದರ ಶಾಲೆಗಳಿಗೆ ನೆರವಾಗುತ್ತಿದೆ. ಹಣ ಕಡಿಮೆ. ಮಕ್ಕಳಿಗೆಲ್ಲ ಟ್ಯಾಬ್ ಕೊಟ್ಟು, ಪಾಠದ ವಿಡಿಯೊಗಳನ್ನು ಕ್ಲೌಡ್‌ಗೆ (ಇಂಟರ್ನೆಟ್ ಮೂಲಕ ತೆರೆಯುವ ದೂರದ ಸರ್ವರ್‌ಗೆ) ಹಾಕಿದರೆ ಶಿಕ್ಷಕರ ಹೊರೆ ಇಳಿಯುವುದಿಲ್ಲವೇ?

ಉತ್ತರ: ಇಳಿಯುವುದಿಲ್ಲ. ಚಾರ್ಜ್ ಮಾಡಿಸುವುದು, ಮರೆತ ಪಾಸ್‌ವರ್ಡ್ ಹುಡುಕಿಕೊಡುವುದು, ಒಡೆದ ಪರದೆಗೆ ಲೆಕ್ಕ ಬರೆಯುವುದು ಎಲ್ಲವೂ ಅವರ ತಲೆಗೇ ಬರುತ್ತದೆ. ಪ್ರತಿ ತಿಂಗಳೂ ಇದೇ ಪ್ರಶ್ನೆ ಬರುವುದರಿಂದ ಈ ಸಲ ವಿವರವಾಗಿ ಹೇಳುತ್ತೇನೆ. ಪೆರು ದೇಶ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಗಣಿತ, ಭಾಷೆ ಎರಡರಲ್ಲೂ ಕಲಿಕೆ ಸುಧಾರಿಸಿದ್ದು ಕಾಣಲಿಲ್ಲ. ಆದರೂ ಟ್ಯಾಬ್ ಮಾರುವವರು ಅದೇ ಹಾಡು ಹಾಡುತ್ತಿದ್ದಾರೆ.

ಕೆನ್ಯಾದ ಕಿಸುಮುವಿನಲ್ಲಿ ಮೂರು ದಾರಿಗಳನ್ನು ಹೋಲಿಸಿ ನೋಡಿದರು. ಕೆಲವು ಶಾಲೆಗಳಲ್ಲಿ ಮಕ್ಕಳಿಗೆ ಇ-ರೀಡರ್ (ಪುಸ್ತಕ ಓದಲೆಂದೇ ಇರುವ ಸಾಧನ), ಕೆಲವೆಡೆ ಶಿಕ್ಷಕರಿಗೆ ಟ್ಯಾಬ್, ಇನ್ನು ಕೆಲವೆಡೆ ಶಾಲೆಯಿಂದ ಶಾಲೆಗೆ ಹೋಗಿ ಶಿಕ್ಷಕರಿಗೆ ನೆರವಾಗುವ ಮಾರ್ಗದರ್ಶಕರಿಗೆ ಮಾತ್ರ ಟ್ಯಾಬ್. ಮೂರರಲ್ಲೂ ಮಕ್ಕಳ ಓದು ಸುಧಾರಿಸಿತು. ಒಂದು ಇನ್ನೊಂದಕ್ಕಿಂತ ಮೇಲು ಎನ್ನುವಷ್ಟು ಅಂತರ ಇರಲಿಲ್ಲ. ಹಾಕಿದ ಹಣಕ್ಕೆ ಹೆಚ್ಚು ಫಲ ಕೊಟ್ಟಿದ್ದು ಮೂರನೆಯದು. ಒಬ್ಬ ಮಾರ್ಗದರ್ಶಕನಿಗೆ ಹಲವು ಶಾಲೆಗಳಿರುತ್ತವೆ, ಟ್ಯಾಬ್ ಒಂದೇ ಸಾಕು.

ಕೆನ್ಯಾದ 'ತುಸೋಮೆ' ಎಂಬ ಮಕ್ಕಳ ಓದಿನ ಕಾರ್ಯಕ್ರಮ ಇದನ್ನೇ ದೇಶಕ್ಕೆಲ್ಲ ವಿಸ್ತರಿಸಿತು. ಮಾರ್ಗದರ್ಶಕ ತರಗತಿಯ ಹಿಂದೆ ಕೂತು ಪಾಠ ನೋಡುತ್ತಿದ್ದ, ಕೆಲವು ಮಕ್ಕಳಿಂದ ಓದಿಸುತ್ತಿದ್ದ, ಟ್ಯಾಬ್‌ನಲ್ಲಿ ದಾಖಲಿಸುತ್ತಿದ್ದ, ಆಮೇಲೆ ಶಿಕ್ಷಕರೊಂದಿಗೆ ಮಾತಾಡುತ್ತಿದ್ದ. ನೆಟ್‌ವರ್ಕ್ ಸಿಕ್ಕಾಗ ಮಾಹಿತಿ ಸರ್ವರ್‌ಗೆ ಹೋಗುತ್ತಿತ್ತು. ನಿಜವಾಗಿ ಶಾಲೆಗೆ ಹೋಗಿದ್ದನೋ ಇಲ್ಲವೋ ಎಂಬುದನ್ನು ಜಿಪಿಎಸ್ ಹೇಳುತ್ತಿತ್ತು. ಪ್ರಯಾಣಭತ್ಯೆಯೂ ಅದರ ಮೇಲೆಯೇ ಸಿಗುತ್ತಿತ್ತು. ಕ್ಲೌಡ್ ಹೀಗೆ ಕೆಲಸಕ್ಕೆ ಬರಬೇಕು. ಯಾರೂ ತೆರೆಯದ ವಿಡಿಯೊಗಳ ಗೋದಾಮು ಯಾರಿಗೆ ಬೇಕು?

ಮಾರ್ಗದರ್ಶಕ ಫೋನಿನಲ್ಲೇ ಮಾತಾಡಿದರೆ ಪ್ರಯಾಣದ ಖರ್ಚೂ ಉಳಿಯುತ್ತದಲ್ಲ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ದಕ್ಷಿಣ ಆಫ್ರಿಕಾದ ಎಂಪುಮಲಾಂಗ ಪ್ರಾಂತ್ಯದಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. ಮೂರು ವರ್ಷಗಳ ನಂತರ, ಮಾರ್ಗದರ್ಶಕರು ಖುದ್ದಾಗಿ ಹೋದ ಶಾಲೆಗಳ ಮಕ್ಕಳ ಇಂಗ್ಲಿಷ್ ಓದು ಸುಧಾರಿಸಿತ್ತು. ದೂರದಿಂದಲೇ ಮಾರ್ಗದರ್ಶನ ಸಿಕ್ಕ ಕಡೆ ಓದಿನಲ್ಲಿ ಪ್ರಗತಿ ಇಲ್ಲ, ಮಾತೃಭಾಷೆಯ ಓದುಬರಹ ಹಿಂದೆಯೇ ಬಿತ್ತು. ಹಾಗಾಗಿ ಭೇಟಿಗಳ ನಡುವೆ ಫೋನ್ ಮಾಡಿ, ಭೇಟಿಯ ಬದಲಿಗೆ ಬೇಡ.

ಶಿಕ್ಷಕರಿಗೆ ಏನನ್ನಾದರೂ ಕಳಿಸಲೇಬೇಕೆಂದಿದ್ದರೆ ಧ್ವನಿಮುದ್ರಣ ಕಳಿಸಿ. 32 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 32 ಕಿಲೋಬಿಟ್) ಮುದ್ರಿಸಿದರೆ ಒಂದು ಗಂಟೆಯ ಮಾತಿಗೆ ಸುಮಾರು 14 ಎಂಬಿ ಸಾಕು. ವಿಡಿಯೊ ನೂರಾರು ಎಂಬಿ ನುಂಗುತ್ತದೆ, ಆ ಡೇಟಾದ ದುಡ್ಡು ಹೋಗುವುದು ಶಿಕ್ಷಕರ ಜೇಬಿನಿಂದ.

ಪ್ರಶ್ನೆ: ಇಂಟರ್ನೆಟ್ಟೇ ಇಲ್ಲದ ಶಾಲೆಗೆ?

ಉತ್ತರ: ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮೇಲೆ ಕೋಲಿಬ್ರಿ ಎಂಬ, ಇಂಟರ್ನೆಟ್ ಇಲ್ಲದೆಯೂ ಪಾಠ ತೋರಿಸುವ ತಂತ್ರಾಂಶ ಹಾಕಿ. ಶಾಲೆಯೊಳಗಿನ ವೈಫೈ ಸಾಕು, ನೆಟ್ ಸಿಕ್ಕ ದಿನ ಸಿಂಕ್ ಮಾಡಿದರಾಯಿತು. ತಂತ್ರಾಂಶ ಉಚಿತ.

ಪ್ರಶ್ನೆ: ಕಡತ ಇಡಲು ಗೂಗಲ್‌ನ ಉಚಿತ 15 ಜಿಬಿ ಜಾಗ ಸಾಲುತ್ತದೆಯೇ?

ಉತ್ತರ: ಪಾಠಯೋಜನೆಗಳಿಗೆ ಧಾರಾಳ. ಖಾತೆ ಮಾತ್ರ ಶಾಲೆಯದಿರಲಿ. ಶಿಕ್ಷಕರ ಸ್ವಂತ ಖಾತೆಯಲ್ಲಿದ್ದರೆ ವರ್ಗಾವಣೆಯಾದಾಗ ಕಡತಗಳೂ ಅವರ ಜೊತೆಗೇ ಹೋಗುತ್ತವೆ.

ಪ್ರಶ್ನೆ: ಎಐ ಬಂದಿದೆಯಲ್ಲ, ಇನ್ನು ಶಿಕ್ಷಕರ ತರಬೇತಿ ಏಕೆ?

ಉತ್ತರ: ಮುಂದಿನ ಪ್ರಶ್ನೆ.

ಪ್ರಶ್ನೆ: ಕಂಪನಿಯೊಂದು ಐದು ವರ್ಷದ ಒಪ್ಪಂದ ಕೇಳುತ್ತಿದೆ. ಸಹಿ ಹಾಕಬಹುದೇ?

ಉತ್ತರ: ನಾನಾಗಿದ್ದರೆ ಒಂದು ವರ್ಷಕ್ಕಿಂತ ಹೆಚ್ಚಿಗೆ ಹಾಕುವುದಿಲ್ಲ. ಅದಕ್ಕೂ ಮೊದಲು, ನಿಮ್ಮ ಶಾಲೆಗಳ ಮಾಹಿತಿಯನ್ನೆಲ್ಲ ಸಿಎಸ್‌ವಿ ಕಡತವಾಗಿ (ಯಾವ ತಂತ್ರಾಂಶದಲ್ಲೂ ತೆರೆಯಬಹುದಾದ ಸರಳ ಪಟ್ಟಿ) ನಿಮ್ಮ ಎದುರಿಗೇ ಇಳಿಸಿಕೊಡಲು ಹೇಳಿ. ತಡವರಿಸಿದರೆ ಅಲ್ಲಿಂದ ಎದ್ದುಬನ್ನಿ.