ಕುಲಾಂತರಿ ಅಕ್ಕಿ ತಿಂದರೆ ಇರುಳುಗುರುಡು ಬರದಂತೆ ತಡೆಯಬಹುದಾ?

ಗೋಲ್ಡನ್ ರೈಸ್ ಅನ್ನೋ ಕುಲಾಂತರಿ (ಬೇರೆ ಜೀವಿಯ ವಂಶವಾಹಿ, ಅಂದರೆ ಜೀನು, ಸೇರಿಸಿದ) ಅಕ್ಕಿಯಿಂದ ತಡೆಯಬಹುದು, ಇರುಳುಗುರುಡು ವಿಟಮಿನ್ ಎ ಕೊರತೆಯಿಂದ ಬರುವಂಥದ್ದಾದರೆ. ಭತ್ತದ ಗಿಡ ತನ್ನ ಹಸಿರೆಲೆಯಲ್ಲಿ ಬೀಟಾ ಕ್ಯಾರೋಟಿನ್ ಅನ್ನೋ ಹಳದಿ ವಸ್ತು ಮಾಡಿಕೊಳ್ಳುತ್ತದೆ, ಅದನ್ನೇ ನಮ್ಮ ದೇಹ ವಿಟಮಿನ್ ಎ ಆಗಿ ಬದಲಿಸಿಕೊಳ್ಳುವುದು. ಆದರೆ ನಾವು ತಿನ್ನುವ ಅಕ್ಕಿಕಾಳಿನೊಳಗೆ ಆ ಕೆಲಸ ನಡೆಯುವುದಿಲ್ಲ. ಗೋಲ್ಡನ್ ರೈಸ್‌ಗೆ ಮೆಕ್ಕೆಜೋಳದ ಒಂದು ಜೀನು, ಬ್ಯಾಕ್ಟೀರಿಯಾದ ಇನ್ನೊಂದು ಜೀನು ಸೇರಿಸಿ ಕಾಳಿನಲ್ಲೂ ಅದನ್ನು ಶುರು ಮಾಡಿಸಿದ್ದಾರೆ. ಅದಕ್ಕೇ ಪಾಲಿಶ್ ಮಾಡಿದ ಮೇಲೂ ಈ ಅಕ್ಕಿ ಹಳದಿ. ಊಟದಲ್ಲಿ ಸ್ವಲ್ಪ ಎಣ್ಣೆಯೋ ತುಪ್ಪವೋ ಇರಬೇಕು, ಇಲ್ಲದಿದ್ದರೆ ಬೀಟಾ ಕ್ಯಾರೋಟಿನ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಫಿಲಿಪೀನ್ಸ್ 2021ರಲ್ಲಿ ಇದನ್ನು ಬೆಳೆಯಲು ಒಪ್ಪಿಗೆ ಕೊಟ್ಟಿತ್ತು, 2024ರಲ್ಲಿ ಅಲ್ಲಿನ ಕೋರ್ಟು ಆ ಒಪ್ಪಿಗೆ ರದ್ದು ಮಾಡಿತು. ಸುರಕ್ಷತೆ ಬಗ್ಗೆ ಕೇಳಲೇಬೇಕು, ಆದರೆ ಮಕ್ಕಳ ಕಣ್ಣು ಉಳಿಸಬಲ್ಲ ಬೆಳೆಯನ್ನು ಸುಮ್ನೆ ‘ಕುಲಾಂತರಿ’ ಅಂತ ದೂರ ಇಡುವುದು ನನಗೆ ಒಪ್ಪಿಗೆಯಿಲ್ಲ. ಸೊಪ್ಪು, ಕ್ಯಾರೆಟ್, ಮೊಟ್ಟೆ ದಿನಾ ಸಿಗುವವರಿಗೆ ಇದು ಬೇಕಿಲ್ಲ.