ಸಂಪಾದಕರ ಉತ್ತರ: ಕೂಲ್ ಮನೆಯೂ ಹತ್ತು ಗುಂಟೆಯೂ

ಶಿವಮೊಗ್ಗದ ಓದುಗರೊಬ್ಬರು ಪತ್ರ ಬರ್ದಿದಾರೆ. ಶ್ರೀಲಂಕಾ ಟೂರಲ್ಲಿ ನುವಾರ ಎಲಿಯದ ಗ್ರೆಗರಿ ಕೆರೆ ನೋಡ್ಕೊಂಡು ಬಂದ್ರಂತೆ, ಯಾರಪ್ಪ ಈ ಗ್ರೆಗರಿ ಅಂತ ಹುಡುಕ್ತಾ ಹೋದ್ರೆ ಐರ್ಲೆಂಡಿನ ಗಾಲ್ವೇ ಕಡೆಯ ಕೂಲ್ ಅನ್ನೋ ಎಸ್ಟೇಟ್ ಸಿಕ್ತಂತೆ. ನಾಟಕಗಾರ್ತಿ ಲೇಡಿ ಗ್ರೆಗರಿ ಬಾಳಿದ, ಕವಿ ಯೇಟ್ಸ್ ಬೇಸಿಗೆಗೆ ಬಂದು ಉಳೀತಿದ್ದ ಮನೇನ ಸ್ವತಂತ್ರ ಐರ್ಲೆಂಡಲ್ಲೇ 1941ರಲ್ಲಿ ಕೆಡವಿದ್ರಲ್ಲ, ಇಷ್ಟು ಕಲ್ಲು ಮನಸ್ಸಾ ಅಂತ ಕೇಳಿದಾರೆ.

ಸರ್, ಕೆಡವಬಾರ್ದಿತ್ತು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಜಮೀನಿನ ಕತೆ ಬಿಟ್ಟು ಬರೀ ಮನೆಗೋಸ್ಕರ ಅಳೋಕೆ ನನ್ನಿಂದ ಆಗಲ್ಲ.

ಆ ಆಸ್ತಿ ಕೊಂಡಿದ್ದು 1768ರಲ್ಲಿ, ರಾಬರ್ಟ್ ಗ್ರೆಗರಿ ಅನ್ನೋವ್ನು. ಈಸ್ಟ್ ಇಂಡಿಯಾ ಕಂಪನಿ ಕಾಲದ ಬಂಗಾಳದಲ್ಲಿ ದುಡ್ಡು ಮಾಡ್ಕೊಂಡು ವಾಪಸ್ ಹೋದೋನು, ಮುಂದೆ ಕಂಪನಿಗೇ ಚೇರ್ಮನ್ ಆದ. ಅಂದ್ರೆ ಆ ಗೋಡೆಗಳ ಲೆಕ್ಕ ಶುರುವಾಗೋದೇ ನಮ್ಮ ದೇಶದಿಂದ.

ನೀವು ನೋಡಿದ ಕೆರೆ ಅವನ ಮರಿಮೊಮ್ಮಗ ಸರ್ ವಿಲಿಯಂ ಗ್ರೆಗರಿ ಹೆಸರಲ್ಲಿರೋದು, 1872ರಿಂದ 77ರವರೆಗೆ ಸಿಲೋನಿನ ಗವರ್ನರ್, ಕೊಲಂಬೋ ಮ್ಯೂಸಿಯಂ ಕಟ್ಟಿಸಿದ್ದೂ ಇವನೇ, ಅಲ್ಲಿ ಮುಂದೆ ನಿಂತಿರೋ ಪ್ರತಿಮೆ ಇವನದ್ದೇ. ಐರ್ಲೆಂಡಲ್ಲಿ ಮಾತ್ರ ಜನ ಅವನ ಹೆಸರನ್ನ ಬೇರೆ ಕಾರಣಕ್ಕೆ ಹೇಳ್ತಾರೆ, ಗ್ರೆಗರಿ ಕ್ಲಾಜ್ ಅಂತ, ಅಂದ್ರೆ ಕಾನೂನಲ್ಲಿ ಸೇರಿಸಿದ ಷರತ್ತು. ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿವಿಂದ ಸಾಯ್ತಿದ್ದ 1847ರಲ್ಲಿ, ಪಾರ್ಲಿಮೆಂಟಲ್ಲಿ ಇವನು ತಂದ ತಿದ್ದುಪಡಿ ಏನಂದ್ರೆ, ಕಾಲು ಎಕರೆಗಿಂತ ಜಾಸ್ತಿ ಭೂಮಿ ಹಿಡ್ಕೊಂಡಿರೋ ಗೇಣಿದಾರನಿಗೆ ಸರ್ಕಾರಿ ಪರಿಹಾರ ಇಲ್ಲ. ಕಾಲು ಎಕರೆ, ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ! ಊಟ ಬೇಕಾ, ಭೂಮಿ ಬಿಡು. ಬಿಟ್ಟವ್ರು ಗುಡಿಸ್ಲನ್ನೂ ಕಳ್ಕೊಂಡಿದ್ದು ಎಷ್ಟೋ ಕಡೆ, ಒಕ್ಕಲೆಬ್ಬಿಸಿದವ್ರು ಸೂರನ್ನೇ ಕಿತ್ತು ಹಾಕ್ತಿದ್ರು. ಅದೇ ವರ್ಷ ಇವನ ಅಪ್ಪ, ಗೇಣಿದಾರರ ಕಷ್ಟಕ್ಕೆ ಓಡಾಡ್ತಾ ಜ್ವರ ತಗುಲಿ ತೀರ್ಕೊಂಡ. ಒಂದೇ ಮನೆ, ಒಂದೇ ವರ್ಷ, ಇದನ್ನ ಓದಿದಾಗೆಲ್ಲ ನಂಗೆ ಹೊಟ್ಟೇಲಿ ಸಂಕಟ ಆಗುತ್ತೆ.

ಹತ್ತು ಗುಂಟೆ ಲೆಕ್ಕ ಹಾಕಿದ ಇವನೇ ಕುದುರೆ ರೇಸಿನ ಸಾಲಕ್ಕೆ 1857ರಲ್ಲಿ ಎಸ್ಟೇಟಿನ ಹೆಚ್ಚೂಕಮ್ಮಿ ಮೂರರಲ್ಲಿ ಎರಡು ಪಾಲು ಮಾರ್ಬೇಕಾಯ್ತು.

ಉಳಿದಿದ್ದನ್ನ ಕಾಪಾಡ್ಕೊಂಡು ಬಂದೋಳು ಅವನ ಹೆಂಡ್ತಿ ಅಗಸ್ಟಾ, ನಮಗೆ ಗೊತ್ತಿರೋ ಲೇಡಿ ಗ್ರೆಗರಿ. ಅವಳ ತವರು ರಾಕ್ಸ್‌ಬರೋ ಕೂಡ ಅದೇ ಸೀಮೆಯ ದೊಡ್ಡ ಜಮೀನ್ದಾರಿ ಮನೆ, ಐರ್ಲೆಂಡಿನ ಅಂತರ್ಯುದ್ಧದಲ್ಲಿ ಸುಟ್ಟು ಹೋಯ್ತು. 1892ರಲ್ಲಿ ವಿಧವೆ ಆದ್ಲು, ಒಬ್ಬನೇ ಮಗ 1918ರಲ್ಲಿ ಇಟಲಿಯಲ್ಲಿ ವಿಮಾನ ಬಿದ್ದು ಹೋದ, ಕೊನೆಗೆ 1927ರಲ್ಲಿ ಕೂಲ್ ಸರ್ಕಾರಕ್ಕೆ ಮಾರಾಟ ಆಗಿ, 1932ರಲ್ಲಿ ಸಾಯೋ ತನಕ ಅದೇ ಮನೇಲಿ ಬಾಡಿಗೆ ಕಟ್ಕೊಂಡಿದ್ಲು. ಗೇಣಿ ವಸೂಲಿ ಮಾಡ್ತಿದ್ದ ಮನೆಯ ಕೊನೇ ಯಜಮಾನ್ತಿ ಸರ್.

ಹೋಗಿ ನೋಡೋ ಆಸೆ ಇದೆ ಅಂದಿದೀರಿ. ಗಾರ್ಟ್ ಊರಿನ ಹತ್ರ, ಈಗ ಅದು ನೇಚರ್ ರಿಸರ್ವ್. ಮನೆ ಇದ್ದ ಜಾಗದಲ್ಲಿ ಬರೀ ಪಾಯ. ತೋಟದಲ್ಲಿ ಯೇಟ್ಸ್, ಶಾ, ಸಿಂಜ್ ಥರದ ಸಾಹಿತಿಗಳೆಲ್ಲಾ ಹೆಸರು ಕೆತ್ತಿದ ಬೀಚ್ ಮರ ಇನ್ನೂ ಇದೆ, ತೊಗಟೆ ಬೆಳೆದು ಅಕ್ಷರಗಳು ಅಗಲ ಆಗಿವೆ, ಸ್ವಲ್ಪ ಹತ್ರ ನಿಂತು ನೋಡಿ.