ಹ್ಯೂ ಕ್ಲೆಗಾರ್ನ್ ಯಾರು? ಶಿವಮೊಗ್ಗಕ್ಕೂ ಅವರಿಗೂ ಏನು ಸಂಬಂಧ?

ಹ್ಯೂ ಕ್ಲೆಗಾರ್ನ್ ಸ್ಕಾಟ್ಲೆಂಡಿನ ಮನೆತನದ ಡಾಕ್ಟರು. 1820ರಲ್ಲಿ ಹುಟ್ಟಿದ್ದು ಮದ್ರಾಸಿನಲ್ಲಿ, ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ, ಅಜ್ಜನ ಮನೆಯಲ್ಲಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಮದ್ರಾಸಿಗೆ ವಾಪಸ್ ಬಂದರು.

ಮುಂದೆ ಮೈಸೂರು ಸೀಮೆಗೆ, ಶಿವಮೊಗ್ಗಕ್ಕೆ ಹಾಕಿದರು. ಗಿಡಗಳ ಹುಚ್ಚು ಬಲವಾಗಿ ಹತ್ತಿದ್ದು ಇಲ್ಲೇ. ದಿನಕ್ಕೊಂದು ಗಿಡ, ಕಾಲು ಗಂಟೆ ನೋಡಿದರೂ ಸಾಕು ಅಂತ ಸಸ್ಯಶಾಸ್ತ್ರಜ್ಞ ವಿಲಿಯಂ ಹೂಕರ್ ಹೇಳಿದ್ದರಂತೆ. ಇವರು ಅದನ್ನು ಹಾಗೇ ಪಾಲಿಸಿದರು. ಒಬ್ಬ ಮರಾಠಿ ಚಿತ್ರಗಾರನನ್ನು ಜೊತೆಗಿಟ್ಟುಕೊಂಡು ಎಲೆ, ಹೂವು, ಕಾಯಿ ಎಲ್ಲ ಬರೆಸಿದರು. ಆ ಚಿತ್ರಗಳು ಇವತ್ತಿಗೂ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ಬರೆದವನ ಹೆಸರೂ ಅಷ್ಟೇ ಜನಕ್ಕೆ ಗೊತ್ತಿರಬೇಕಿತ್ತು, ಅಲ್ವಾ?

ಕಾಡು ಕಡಿಯುವುದರ ಪರಿಣಾಮದ ಬಗ್ಗೆ 1851ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಮುಂದೆ ವರದಿ ಇಟ್ಟರು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾದರು. ಬೆಂಗಳೂರಿನ ಲಾಲ್‌ಬಾಗ್ ಸರ್ಕಾರಿ ಸಸ್ಯತೋಟವಾಗಿ ನಿಂತದ್ದರ ಹಿಂದೆಯೂ ಇವರ ಸಲಹೆಯಿದೆ.

ಒಂದು ವಿಷಯ ಮಾತ್ರ ನನಗೆ ಒಪ್ಪಿಗೆಯಿಲ್ಲ. ಕಾಡು ಸುಟ್ಟು ರಾಗಿ ಬಿತ್ತುವ ಕುಮರಿ ಬೇಸಾಯವನ್ನು ಅವರು ಜೋರಾಗಿ ವಿರೋಧಿಸಿದರು. ಹಡಗು, ರೈಲು ಹಳಿಗೆ ಅಂತ ಕಂಪನಿಯೂ ಮರಗಳನ್ನು ಜಾಸ್ತಿ ಕಡಿಸುತ್ತಿತ್ತು. ಆದರೆ ನಿಷೇಧದ ಪೆಟ್ಟು ಬಿದ್ದದ್ದು ಕಾಡಿನಲ್ಲೇ ಬದುಕಿದ್ದ ಬಡವರ ಮೇಲೆ.

ಕ್ಲೆಗಾರ್ನ್ ತೀರಿಕೊಂಡದ್ದು 1895ರಲ್ಲಿ, ಸ್ಕಾಟ್ಲೆಂಡಿನ ಸ್ಟ್ರಾವಿತಿಯಲ್ಲಿ. ಕ್ಲೆಗಾರ್ನಿಯಾ ಅನ್ನೋ ಸಸ್ಯಕುಲಕ್ಕೆ ಅವರದೇ ಹೆಸರು.